ಕತ್ತರಿಸಿ ಬಿಟ್ಟದ್ದು

ಓಸ್ತ್ರಾವಾದಲ್ಲಿ ಕುಲುಮೆಗಳು ಆರಿದ ಮೇಲೆ
ನಾವು ಬಂದೆವು,
ಕೊರಳಿಗೆ ಕ್ಯಾಮೆರಾ, ಕಾಲಿಗೆ ಗಟ್ಟಿ ಬೂಟು,
ಬೇಲಿಯ ತೂತು ಎಲ್ಲೆಲ್ಲಿದೆಯೆಂದು ಬಲ್ಲವರು.
ತುಕ್ಕಿಗೆ ಎಷ್ಟು ಬಣ್ಣವೆಂದು ಆಗ ತಿಳಿಯಿತು:
ಕೆಂಪಗೆ ಹುರಿದ ಈರುಳ್ಳಿ,
ತಳ ಹಿಡಿದ ಪ್ಲಮ್ ಜಾಮು,
ಹಕ್ಕಳೆಗಟ್ಟಿದ ಮೊಣಕಾಲು.

ನನ್ನದು ವಸ್ತುವಿನಿಂದ ಹೆಸರು ಬಿಡಿಸುವ ಕೆಲಸ.
ಹತ್ತಿರ ಹೋಗು, ಇನ್ನೂ ಹತ್ತಿರ,
ಕೊಳವೆ ಕೊಳವೆಯಾಗಿ ಉಳಿಯದಷ್ಟು.
ಆಮೇಲೆ ಮನೆಗೆ ಬಂದು ಅಂಚು ಕತ್ತರಿಸು,
ಅಡ್ಡ ಇದ್ದದ್ದನ್ನು ಉದ್ದ ಮಾಡು,
ಕೆಂಪನ್ನು ಹಿಂಡಿ ತೆಗೆ,
ನೆರಳಿಗೆ ಒಂದಿಷ್ಟು ನೀಲಿ ಕುಡಿಸು.
ಕೆಳಗೆ ಪೆನ್ಸಿಲ್ಲಿನಲ್ಲಿ ಸಣ್ಣಗೆ: ಸಂಖ್ಯೆ ಹನ್ನೊಂದು.
ಇದು ಇಂಥದು ಎಂದರೆ ಯಾರೂ ಕೊಳ್ಳುವುದಿಲ್ಲ.

ಹನ್ನೊಂದನ್ನು ಕೊಂಡವರು ಹಲ್ಲಿನ ಡಾಕ್ಟರು, ಸ್ಟೋಕ್ಲಾಸೋವಾ.
ರೋಗಿಗಳು ಕಾಯುವ ಕೋಣೆ, ಬಿಳಿ ಗೋಡೆ,
ಒಂದೂವರೆ ಮೀಟರ್ ಅಗಲದ ಚಿತ್ರ.
"ನೋಡಿದರೇ ನೆಮ್ಮದಿ. ನಾರ್ವೆಯ ಕಡಲು ಇದ್ದ ಹಾಗಿದೆ,
ಎರಡು ಬಂಡೆ, ನಡುವೆ ನೀರು, ಸಣ್ಣ ಸಣ್ಣ ಅಲೆ."
ಹೌದಲ್ಲ, ಎಂದೆ. ದುಡ್ಡು ಎಣಿಸಿಕೊಂಡೆ.

ಮಾರ್ಚಿಯಲ್ಲಿ ಅವರ ಫೋನು.
"ಇಲ್ಲೊಬ್ಬ ಮುದುಕ ಹೊರಡಲೊಲ್ಲ.
ಬಾಯಿ ಮರಗಟ್ಟಿದೆ, ಮಾತು ತೊದಲು,
ನಿಮ್ಮ ಚಿತ್ರ ತೋರಿಸಿ ಹಲ್ಲು, ಹಲ್ಲು ಅನ್ನುತ್ತಾನೆ.
ಅವನ ಹಲ್ಲು ಆಗಲೇ ಕಿತ್ತಾಯಿತಲ್ಲ ಮಾರಾಯರೇ!"

ಟ್ರಾಮ್ ಹಿಡಿದು ಹೋದೆ.
ಬೊಹುಸ್ಲಾವ್ ತ್ವರೂಜೆಕ್,
ದವಡೆಯಲ್ಲಿ ಹತ್ತಿ, ಕೈಯಲ್ಲಿ ಟೋಪಿ,
ಕನ್ನಡಕ ಹಣೆಗೇರಿಸಿ
ಚಿತ್ರಕ್ಕೆ ಮೂಗು ತಾಗುವಂತೆ ನಿಂತಿದ್ದ,
ನಾನು ಆವತ್ತು ನಿಂತಷ್ಟೇ ಹತ್ತಿರ.

ಬಂಡೆಯಲ್ಲ, ಹಲ್ಲುಗಾಲಿ.
ಮೂರನೆಯ ಕುಲುಮೆಗೆ ಅದಿರು ಏರಿಸುವ ರಾಟೆಯದು.
ಎಡಗಡೆ ಹಲ್ಲು ಹುಟ್ಟಿದಾಗಿನದು,
ಬಲಗಡೆಯದು ಕಟ್ಟಿಸಿದ್ದು.
ಎಂಬತ್ತೇಳರ ಜನವರಿ, ರಾತ್ರಿ ಪಾಳಿ, ಪಟ್ಟಂತ ಮುರಿಯಿತು.
ಕುಲುಮೆಗೆ ಉಣಿಸದಿದ್ದರೆ ಹೊಟ್ಟೆಯೊಳಗೇ ಕಬ್ಬಿಣ ಹೆಪ್ಪುಗಟ್ಟುತ್ತದೆ.
ಏಣಿಯ ಮೇಲೆ ನಿಂತ ನಿಲುವಿನಲ್ಲೇ ಬೆಸುಗೆ,
ಪದರದ ಮೇಲೆ ಪದರ, ಬೆಳಗಿನ ಐದರವರೆಗೆ.
ಇಗೋ, ಅಲೆ ಎಂದಿರಲ್ಲ, ಅದು.
ಅವನ ಉಗುರು ಅಲೆಯಿಂದ ಅಲೆಗೆ ನಡೆಯಿತು:
ಇಲ್ಲಿ ಕೈ ನಡುಗಿತ್ತು.
ಇಲ್ಲಿ ಯಾರೋ ಚಹಾ ತಂದರು.

ನಾಚಿ ಕೇಳಿದೆ, ತಿರುಗಿಸಿ ನೇರ ಮಾಡಲೇ?
ಗಾಲಿಗೆ ನೇರವೇನು ಬಂತು, ಎಂದು ನಕ್ಕ,
ಅರ್ಧ ತುಟಿ ಮಾತ್ರ ನಕ್ಕಿತು.
"ಉಳಿದದ್ದೆಲ್ಲಿ?"

ಉಳಿದದ್ದು.
ಒಂದು ದಣಿದ ರಾತ್ರಿ
ಕತ್ತರಿಸಿದ್ದನ್ನೇ ಮೂಲದ ಮೇಲೆ ಉಳಿಸಿ
ಮಲಗಿಬಿಟ್ಟಿದ್ದೆ.
ಗಾಲಿ ಹೋದ ಬೇಸಿಗೆಯಲ್ಲಿ ಗುಜರಿಗೆ ಹೋಯಿತು, ಕಿಲೋ ಲೆಕ್ಕದಲ್ಲಿ.
ಈ ಎರಡು ಹಲ್ಲು, ನಡುವಿನ ಸಂದು.
ಅದನ್ನು ಹೇಳಲು ನನ್ನ ನಾಲಿಗೆಯೂ ಯಾಕೋ ದಪ್ಪವಾಗಿತ್ತು.

ಅವನು ಟೋಪಿಯನ್ನು ಕುರ್ಚಿಯ ಮೇಲಿಟ್ಟ.
ಚೌಕಟ್ಟಿನ ಅಂಚಿನಿಂದ
ಬೆರಳನ್ನು ಬರಿಗೋಡೆಗೆ ಇಳಿಸಿದ.
ಮೂರು, ಎಂದ. ಏರಿ, ಇಳಿದು, ನಾಲ್ಕು.
ಒಟ್ಟು ನಲವತ್ತೆಂಟಂತೆ, ಗೋಡೆ ಎಲ್ಲಿ ಸಾಲುತ್ತದೆ.
ಕೋಟು ತೂಗುವ ಗೂಟ ದಾಟಿ ಐದು,
ದರಪಟ್ಟಿಯ ಗಾಜಿನ ಮೇಲೆ ಆರು,
ಮೀನಿನ ತೊಟ್ಟಿ ಬಂದಾಗ ಬೆರಳೆತ್ತಿ
ಆಚೆ ಇಟ್ಟ, ಮೀನಿಗೆ ತಾಗದ ಹಾಗೆ.
ಡಾಕ್ಟರು ಕೈಗವಸು ಹಾಕಿಕೊಂಡು ಬಾಗಿಲಲ್ಲೇ ನಿಂತರು.

ಎಂಟರ ಹತ್ತಿರ ಒಬ್ಬ ಹುಡುಗ ಕೂತಿದ್ದ,
ಕೆನ್ನೆ ಊದಿತ್ತು.
ಯಾರೂ ಹೇಳಲಿಲ್ಲ,
ತಲೆಯನ್ನು ಒಂದಿಷ್ಟು ಪಕ್ಕಕ್ಕೆ ವಾಲಿಸಿ
ಹಲ್ಲಿಗೆ ದಾರಿ ಬಿಟ್ಟ.